ಸಂತಾನಾಪೇಕ್ಷೆಯೂ ಶ್ರಾವಕನ ವ್ರತವೂ

ನೋಂಪಿಯ ಕಥೆಗಳನ್ನು ಕೇಳಿ ಬೆಳೆದ ಮನೆಗಳಲ್ಲಿ ಒಂದು ದೃಶ್ಯವು ಎಲ್ಲರಿಗೂ ಪರಿಚಿತವಾದುದು. ಮಕ್ಕಳಿಲ್ಲದ ಸ್ತ್ರೀಯೊಬ್ಬಳು ಊರ ಹೊರಗಿನ ಉದ್ಯಾನಕ್ಕೆ ಬಿಜಯಂಗೈದ ಮುನಿಗಳಿಗೆ ವಂದಿಸಿ, ತನ್ನ ದುಃಖಕ್ಕೆ ಕಾರಣವೇನೆಂದು ಬೆಸಗೊಳ್ಳುತ್ತಾಳೆ. ಮುನಿಗಳು ಆಕೆಯ ಹಿಂದಿನ ಭವವನ್ನು ತಿಳಿಸಿ ಒಂದು ನೋಂಪಿಯನ್ನು ಕೊಡುತ್ತಾರೆ. ಆಕೆಯು ಅದನ್ನು ವಿಧಿಪೂರ್ವಕವಾಗಿ ನೋಂತು ಉದ್ಯಾಪನೆ ಮಾಡುತ್ತಾಳೆ. ಸಂತಾನದ ಹಂಬಲವು ಇಂದು ನಿನ್ನೆಯದಲ್ಲ ಎಂಬುದಕ್ಕೆ ಈ ಕಥೆಗಳೇ ಸಾಕ್ಷಿ. ಹೊಸದಾಗಿರುವುದು ಹಂಬಲವಲ್ಲ, ಅದನ್ನು ಈಡೇರಿಸಿಕೊಳ್ಳುವ ಉಪಾಯ. ಆಕೆಯ ಇಂದಿನ ಸೋದರಿಯು ಬಸದಿಯಲ್ಲಿ ದರ್ಶನ ಮುಗಿಸಿ, ವರದಿಗಳ ಕಡತವನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಯ ಬಾಗಿಲಲ್ಲಿ ಕುಳಿತಿರುತ್ತಾಳೆ.

ಅಂತಹ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಮದುವೆಯಾಗಿ ಒಂಬತ್ತು ವರ್ಷ. ಅಷ್ಟಮಿ, ಚತುರ್ದಶಿಗಳಲ್ಲಿ ಏಕಭುಕ್ತ, ರಾತ್ರಿಭೋಜನ ತ್ಯಾಗ, ಗಾಳಿಸದ ನೀರನ್ನು ಮುಟ್ಟುವುದಿಲ್ಲ. ವೈದ್ಯರು ಐ.ವಿ.ಎಫ್. ಚಿಕಿತ್ಸೆಯನ್ನು ಸೂಚಿಸಿದ್ದಾರೆ. ದಂಪತಿಗಳ ಮುಂದೆ ಒಂದು ಒಪ್ಪಿಗೆಪತ್ರವಿದೆ. ಅದರಲ್ಲಿ ಒಂದು ಪ್ರಶ್ನೆ: ಗರ್ಭದಲ್ಲಿ ಇರಿಸಿದ ಮೇಲೆ ಉಳಿಯುವ ಭ್ರೂಣಗಳನ್ನು ಏನು ಮಾಡಬೇಕು? ಗಂಡನು ಲೇಖನಿಯನ್ನು ಹಿಡಿದು ಸುಮ್ಮನೆ ಕುಳಿತಿದ್ದಾನೆ. ಹೆಂಡತಿಯು ಕಾಗದವನ್ನೇ ನೋಡುತ್ತಿದ್ದಾಳೆ. ಅಣುವ್ರತಗಳನ್ನು ಪಾಲಿಸುವ ಗೃಹಸ್ಥನು ಆ ಖಾಲಿ ಜಾಗದಲ್ಲಿ ಏನನ್ನು ಬರೆಯತಕ್ಕದ್ದು ಎಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಹಂಬಲದ ಸ್ವರೂಪ

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಜೈನ ಸಿದ್ಧಾಂತದಲ್ಲಿ ಸಂತಾನವು ಮೋಕ್ಷಕ್ಕೆ ಸಾಧನವಲ್ಲ. ಪುತ್ರನಿಲ್ಲದವನಿಗೆ ಸದ್ಗತಿಯಿಲ್ಲ ಎಂಬ ಮಾತನ್ನಾಗಲಿ, ಪಿಂಡಪ್ರದಾನದಿಂದ ಮೃತರಿಗೆ ಉಪಕಾರವಾಗುತ್ತದೆ ಎಂಬ ಮಾತನ್ನಾಗಲಿ ಅದು ಒಪ್ಪುವುದಿಲ್ಲ. ಪ್ರತಿಯೊಂದು ಜೀವವೂ ತಾನು ಕಟ್ಟಿಕೊಂಡ ಕರ್ಮವನ್ನು ತಾನೇ ಉಣ್ಣಬೇಕು, ತಾನೇ ನಿರ್ಜರೆ ಮಾಡಿಕೊಳ್ಳಬೇಕು. ಬ್ರಿಟಿಷರ ಕಾಲದ ನ್ಯಾಯಾಲಯಗಳು ಸಹ, ಜೈನರಲ್ಲಿ ದತ್ತು ಸ್ವೀಕಾರವು ಪಾರಲೌಕಿಕ ಕರ್ಮವಲ್ಲ, ಕೇವಲ ಲೌಕಿಕ ವ್ಯವಹಾರ ಎಂಬುದನ್ನು ಅನೇಕ ವ್ಯಾಜ್ಯಗಳಲ್ಲಿ ಗುರುತಿಸಿದ್ದವು. ಆದುದರಿಂದ ಮಕ್ಕಳಿಲ್ಲದ ಸೊಸೆಯನ್ನು ಧರ್ಮದ ಹೆಸರಿನಲ್ಲಿ ನೋಯಿಸುವವರಿಗೆ ಧರ್ಮದ ಆಧಾರವೇ ಇಲ್ಲ. ಲೋಕದ ಆಧಾರವೂ ಇಲ್ಲ. ಏಕೆಂದರೆ ಮಕ್ಕಳಾಗದಿರುವುದಕ್ಕೆ ಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಪುರುಷನ ದೇಹದ ಕೊರತೆಯೂ ಕಾರಣವಾಗಿರುತ್ತದೆ ಎಂದು ವೈದ್ಯಶಾಸ್ತ್ರವು ತೋರಿಸಿಕೊಟ್ಟಿದೆ. ಜಗತ್ತಿನಲ್ಲಿ ಆರು ಮಂದಿಗೆ ಒಬ್ಬರಂತೆ ಜೀವನದ ಒಂದಲ್ಲ ಒಂದು ಘಟ್ಟದಲ್ಲಿ ಈ ಕೊರತೆಯನ್ನು ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ತಿಳಿಸಿತು. ಇಷ್ಟು ವ್ಯಾಪಕವಾದ ದುಃಖವನ್ನು ಒಬ್ಬ ಹೆಣ್ಣುಮಗಳ ತಲೆಗೆ ಕಟ್ಟುವುದು ವಚನದಿಂದ ಮಾಡುವ ಹಿಂಸೆಯೇ ಸರಿ.

ಹಾಗೆಂದು ಸಂತಾನದ ಬಯಕೆಯನ್ನು ಶಾಸ್ತ್ರವು ಹೀನಾಯವಾಗಿ ಕಂಡಿಲ್ಲ. ಜಿನಸೇನಾಚಾರ್ಯರ ಆದಿಪುರಾಣವು ಗೃಹಸ್ಥನಿಗೆ ಹೇಳುವ 53 ಗರ್ಭಾನ್ವಯ ಕ್ರಿಯೆಗಳು ಗರ್ಭಾಧಾನದಿಂದಲೇ ಆರಂಭವಾಗುತ್ತವೆ. ಬಯಕೆಯು ಮೋಹನೀಯ ಕರ್ಮದ ಉದಯದಿಂದ ಉಂಟಾಗುವುದು ನಿಜ. ಆದರೆ ಗೃಹಸ್ಥನು ದೇಶವಿರತ, ಪೂರ್ಣವಿರತನಲ್ಲ. ಅವನ ಧರ್ಮವು ಬಯಕೆಯ ನಾಶದಿಂದಲ್ಲ, ಬಯಕೆಯ ಮಿತಿಯಿಂದ ಪ್ರಾರಂಭವಾಗುತ್ತದೆ. ಈ ಪ್ರಶ್ನೆಗೆ ಉತ್ತರವನ್ನೂ ಆ ಮಿತಿಯಲ್ಲಿಯೇ ಹುಡುಕಬೇಕು.

ಕರ್ಮವೂ ಪ್ರಯತ್ನವೂ

'ಮಕ್ಕಳಿಲ್ಲದಿರುವುದು ಕರ್ಮದ ಫಲ. ಅದಕ್ಕೆ ಚಿಕಿತ್ಸೆ ಮಾಡಿಸುವುದು ಕರ್ಮಸಿದ್ಧಾಂತಕ್ಕೆ ವಿರುದ್ಧ' ಎಂದು ಕೆಲವರು ಹೇಳುವುದುಂಟು. ಇದು ಸರಿಯಲ್ಲ. ಜ್ವರವು ಅಸಾತಾವೇದನೀಯದ ಉದಯದಿಂದ ಬರುತ್ತದೆ. ಆದರೂ ಔಷಧದಾನವು ಆಹಾರ, ಅಭಯ, ಶಾಸ್ತ್ರದಾನಗಳೊಡನೆ ನಾಲ್ಕು ದಾನಗಳಲ್ಲಿ ಒಂದಾಗಿದೆ. ಔಷಧವೇ ಕರ್ಮವಿರೋಧಿಯಾಗಿದ್ದರೆ ಅದನ್ನು ದಾನವೆಂದು ಹೇಳುತ್ತಿರಲಿಲ್ಲ. ಕರ್ಮವು ನಿಮಿತ್ತಗಳನ್ನು ಅವಲಂಬಿಸಿ ಫಲಕೊಡುತ್ತದೆ. ಪುರುಷಾರ್ಥದಿಂದ ಅದರಲ್ಲಿ ಏರುಪೇರುಗಳಾಗುತ್ತವೆ. ಕರ್ಮಸಿದ್ಧಾಂತವು ವಿಧಿವಾದವಲ್ಲ. ಚಿಕಿತ್ಸೆಯು ಒಂದು ನಿಮಿತ್ತ. ಅದು ಫಲಿಸುವುದೂ ಉಂಟು, ಫಲಿಸದಿರುವುದೂ ಉಂಟು. ಆದುದರಿಂದ 'ಚಿಕಿತ್ಸೆ ಮಾಡಿಸಬಹುದೇ' ಎಂಬುದಕ್ಕಿಂತ 'ಯಾವ ಚಿಕಿತ್ಸೆ, ಎಷ್ಟು, ಯಾವ ಪರಿಣಾಮದಿಂದ' ಎಂಬುದೇ ನಿಜವಾದ ಪ್ರಶ್ನೆ.

ಈ ಚಿಕಿತ್ಸೆಯ ಇತಿಹಾಸವು ದೀರ್ಘವಾದುದಲ್ಲ. 1959ರಲ್ಲಿ ಎಂ. ಸಿ. ಚಾಂಗ್ ಎಂಬ ವಿಜ್ಞಾನಿಯು ಮೊಲಗಳಲ್ಲಿ ಇದನ್ನು ಸಾಧಿಸಿದನು. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ, ಸ್ಟೆಪ್ಟೋ ಮತ್ತು ಎಡ್ವರ್ಡ್ಸ್ ಅವರ ಪ್ರಯತ್ನದಿಂದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಜನಿಸಿದಳು. ಅದೇ ವರ್ಷದ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಇನ್ನೊಂದು ಹೆಣ್ಣುಮಗು ಹುಟ್ಟಿತು. ಆದರೆ ಅವರ ಮಾತನ್ನು ಸರಕಾರದ ಸಮಿತಿಯು ನಂಬಲಿಲ್ಲ. ಅಪಮಾನಗೊಂಡ ಅವರು 1981ರಲ್ಲಿ ಪ್ರಾಣತ್ಯಾಗ ಮಾಡಿಕೊಂಡರು. 1986ರ ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಡಾ. ಇಂದಿರಾ ಹಿಂದುಜಾ ಅವರೊಡನೆ ಇದೇ ಸಾಧನೆಯನ್ನು ಮಾಡಿದ ಡಾ. ಟಿ. ಸಿ. ಆನಂದಕುಮಾರ್ ಅವರು ಮುಂದೆ ಮುಖರ್ಜಿಯವರ ಟಿಪ್ಪಣಿಗಳನ್ನು ಪರಿಶೀಲಿಸಿ, ಮೊದಲಿಗರೆಂಬ ಕೀರ್ತಿಯು ಅವರಿಗೇ ಸಲ್ಲಬೇಕೆಂದು 1997ರಲ್ಲಿ ಬಹಿರಂಗವಾಗಿ ಹೇಳಿದರು. ತನಗೆ ಬಂದ ಕೀರ್ತಿಯನ್ನು ಸತ್ಯಕ್ಕಾಗಿ ಬಿಟ್ಟುಕೊಟ್ಟ ಈ ನಡತೆಯು ಸತ್ಯಾಣುವ್ರತಕ್ಕೂ ಅಪರಿಗ್ರಹಕ್ಕೂ ಒಳ್ಳೆಯ ನಿದರ್ಶನವಾಗಿದೆ.

ಭ್ರೂಣವೂ ಜೀವವೂ

ಚಿಕಿತ್ಸೆಯ ಕ್ರಮವು ಸ್ಥೂಲವಾಗಿ ಹೀಗಿರುತ್ತದೆ. ಸ್ತ್ರೀಗೆ ಸುಮಾರು ಹತ್ತು ಹನ್ನೆರಡು ದಿನ ಪ್ರತಿದಿನವೂ ಸೂಜಿಮದ್ದು ಕೊಡುತ್ತಾರೆ. ತಿಂಗಳಿಗೆ ಒಂದರಂತೆ ಪಕ್ವವಾಗುವ ಅಂಡಾಣುಗಳು ಆಗ ಒಮ್ಮೆಲೇ ಅನೇಕವಾಗಿ ಪಕ್ವವಾಗುತ್ತವೆ. ಅವುಗಳನ್ನು ಸೂಜಿಯಿಂದ ಹೊರತೆಗೆದು, ಗಾಜಿನ ತಟ್ಟೆಯಲ್ಲಿ ವೀರ್ಯಾಣುಗಳೊಡನೆ ಕೂಡಿಸುತ್ತಾರೆ. ಮೂರು ಅಥವಾ ಐದು ದಿನ ಬೆಳೆದ ಭ್ರೂಣಗಳಲ್ಲಿ ಒಂದನ್ನೋ ಎರಡನ್ನೋ ಗರ್ಭಾಶಯದಲ್ಲಿ ಇರಿಸುತ್ತಾರೆ. ಉಳಿದವುಗಳನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೈತ್ಯದ ದ್ರವ ಸಾರಜನಕದಲ್ಲಿ ಕಾಪಾಡುತ್ತಾರೆ. 2021ರಲ್ಲಿ ಭಾರತ ಸರಕಾರವು ಮಾಡಿದ ಕಾನೂನಿನಂತೆ ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ಅವುಗಳನ್ನು ಇಡುವಂತಿಲ್ಲ. ಅನಂತರ ಅವು ನಶಿಸಲು ಬಿಡಬೇಕು, ಇಲ್ಲವೆ ದಂಪತಿಗಳ ಒಪ್ಪಿಗೆಯಿಂದ ಸಂಶೋಧನೆಗೆ ಕೊಡಬೇಕು.

ಈ ಉಳಿದ ಭ್ರೂಣಗಳಲ್ಲಿ ಜೀವವಿದೆಯೇ? ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಜನ್ಮವು ಸಮ್ಮೂರ್ಛನ, ಗರ್ಭ, ಉಪಪಾದ ಎಂದು ಮೂರು ಬಗೆಯಾಗಿ ಹೇಳಲ್ಪಟ್ಟಿದೆ. ಶುಕ್ರಶೋಣಿತಗಳ ಮಿಶ್ರಣದಲ್ಲಿ ಜೀವವು ಬಂದು ನೆಲೆಸುವುದು ಗರ್ಭಜನ್ಮ. ತಾಯಿಯ ಉದರದಲ್ಲಿ ಇನ್ನೂ ಸೇರದಿರುವುದರಿಂದ ತಟ್ಟೆಯಲ್ಲಿರುವುದು ಗರ್ಭಜನ್ಮವಲ್ಲ ಎಂದು ವಾದಿಸಬಹುದು. ಮಿಶ್ರಣವು ಆದ ಮೇಲೆ ಅದು ಎಲ್ಲಿದ್ದರೇನು, ಜೀವವು ಬಂದಿದೆ ಎಂದೂ ವಾದಿಸಬಹುದು. ಗಾಜಿನ ತಟ್ಟೆಯನ್ನು ಕಾಣದ ಪೂರ್ವಾಚಾರ್ಯರ ಮಾತನ್ನು ಎರಡು ಕಡೆಗೂ ಎಳೆಯುವುದು ಕಷ್ಟವಲ್ಲ.

ಆದರೆ ಸಂಶಯವಿರುವಲ್ಲಿ ಹೇಗೆ ನಡೆಯಬೇಕೆಂಬುದನ್ನು ಶ್ರಾವಕನ ಅಡಿಗೆಮನೆಯೇ ಕಲಿಸಿದೆ. ಗಾಳಿಸಿದ ಬಟ್ಟೆಯಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೂ ಶ್ರಾವಿಕೆಯು ಆ ಬಟ್ಟೆಯನ್ನು ಹಿಂಡಿ ಬಿಸಾಡುವುದಿಲ್ಲ. ಅದರ ಮೇಲೆ ಗಾಳಿಸಿದ ನೀರನ್ನೇ ಎರೆದು, ಉಳಿದ ಜೀವಗಳನ್ನು ತಂದ ಬಾವಿಗೇ ಮೆಲ್ಲನೆ ಮರಳಿಸುತ್ತಾಳೆ. ಜೀವವಿರಬಹುದಾದಲ್ಲಿ ಜೀವವಿದೆಯೆಂದೇ ತಿಳಿದು ನಡೆಯುವುದು ಯತ್ನಾಚಾರ. ಕಾಣದ ತ್ರಸಜೀವಗಳಿಗೆ ಇಷ್ಟು ಕರುಣೆಯನ್ನು ತೋರುವ ಮನೆಯು ಮನುಷ್ಯಭ್ರೂಣದ ವಿಷಯದಲ್ಲಿ 'ಇದು ಜೀವವಲ್ಲವೆಂದು ವೈದ್ಯರು ಹೇಳಿದರು' ಎಂದು ಸುಮ್ಮನಾಗುವುದು ಹೊಂದುವುದಿಲ್ಲ. ಉಳಿದ ನೀರಿನ ಜೀವಗಳಿಗೆ ಮರಳಲು ಬಾವಿಯಿದೆ. ಉಳಿದ ಭ್ರೂಣಗಳಿಗೆ ಯಾವ ಬಾವಿಯೂ ಇಲ್ಲ.

ಇದಕ್ಕೆ ಪ್ರತಿಯಾಗಿ, ಸಹಜವಾದ ಗರ್ಭಧಾರಣೆಯಲ್ಲಿಯೂ ಅನೇಕ ಭ್ರೂಣಗಳು ಯಾರಿಗೂ ತಿಳಿಯದಂತೆ ಅಳಿದುಹೋಗುತ್ತವೆಯಲ್ಲ ಎಂದು ಕೇಳಬಹುದು. ಈ ಮಾತು ಸತ್ಯ. ಆದರೆ ಹಿಂಸೆಯ ನಿರ್ಣಯವು ಎಷ್ಟು ಜೀವಗಳು ಅಳಿದುವೆಂಬ ಲೆಕ್ಕದಿಂದ ಮಾತ್ರ ಆಗುವುದಿಲ್ಲ. ಪ್ರಮಾದಯುಕ್ತವಾದ ಯೋಗದಿಂದ ಪ್ರಾಣಗಳಿಗೆ ಘಾತವಾಗುವುದೇ ಹಿಂಸೆ ಎಂಬುದು ಆಚಾರ್ಯರ ಅಭಿಪ್ರಾಯ. 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಾಯಿಯ ಒತ್ತಾಯಕ್ಕೆ ಮಣಿದು ಯಶೋಧರನು ಬಲಿಕೊಟ್ಟುದು ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪವು ಅವನನ್ನೂ ತಾಯಿಯನ್ನೂ ಭವಭವಗಳಲ್ಲಿ ತೊಳಲಿಸಿತು. ಉಳಿಯುವುದೆಂದು ತಿಳಿದೂ ಹತ್ತು ಭ್ರೂಣಗಳನ್ನು ಮಾಡಿಸಿ, ಬೇಕಾದುದನ್ನು ಆರಿಸಿಕೊಂಡು ಮಿಕ್ಕವನ್ನು ಬಿಡುವೆನೆಂದು ಮೊದಲೇ ಸಹಿಮಾಡುವುದಕ್ಕೂ, ಗರ್ಭದಲ್ಲಿ ಇರಿಸಿದ ಒಂದು ಭ್ರೂಣವು ನಿಲ್ಲದೆ ಹೋಗುವುದಕ್ಕೂ ಇರುವ ಅಂತರವು ಇದೇ. ಎರಡನೆಯದು ಗೃಹಸ್ಥನ ಆರಂಭದಲ್ಲಿ ತಪ್ಪದೆ ಬರುವ ಹಾನಿ. ಮೊದಲನೆಯದು ಸಂಕಲ್ಪಕ್ಕೆ ಬಹಳ ಸಮೀಪದಲ್ಲಿದೆ. ಮೂರು ನಾಲ್ಕು ಭ್ರೂಣಗಳು ಗರ್ಭದಲ್ಲಿ ನಿಂತಾಗ ಕೆಲವನ್ನು ಔಷಧದಿಂದ ನಾಶಮಾಡುವ ಪದ್ಧತಿಯಂತೂ ನಿಸ್ಸಂದೇಹವಾಗಿ ಸಂಕಲ್ಪೀ ಹಿಂಸೆ. ಆದುದರಿಂದಲೇ ಅಷ್ಟನ್ನು ಇರಿಸದಂತೆ ಮೊದಲೇ ಎಚ್ಚರ ವಹಿಸಬೇಕು.

ಮಾರ್ಗವೇ ಇಲ್ಲವೆಂದಲ್ಲ. ಮಾತ್ರೆಗಳಿಂದ ಅಂಡಾಣುವನ್ನು ಪಕ್ವಗೊಳಿಸುವುದು, ಗಂಡನ ವೀರ್ಯವನ್ನು ಗರ್ಭಾಶಯಕ್ಕೆ ಸೇರಿಸುವುದು ಮೊದಲಾದ ಸುಲಭ ಚಿಕಿತ್ಸೆಗಳಲ್ಲಿ ದೇಹದ ಹೊರಗೆ ಭ್ರೂಣವೇ ಆಗುವುದಿಲ್ಲ. ಐ.ವಿ.ಎಫ್. ಅನಿವಾರ್ಯವಾದರೂ, ಗರ್ಭದಲ್ಲಿ ಇರಿಸಲು ಬೇಕಾದಷ್ಟು ಅಂಡಾಣುಗಳನ್ನು ಮಾತ್ರ ಕೂಡಿಸಿ, ಮಿಕ್ಕ ಅಂಡಾಣುಗಳನ್ನು ಕೂಡಿಸದೆ ಹಾಗೆಯೇ ಶೈತ್ಯದಲ್ಲಿ ಇಡುವಂತೆ ವೈದ್ಯರನ್ನು ಕೇಳಿಕೊಳ್ಳಬಹುದು. ಕೂಡದ ಅಂಡಾಣುವು ಭ್ರೂಣವಲ್ಲ. ಇದರಿಂದ ಫಲದ ಸಂಭವವು ಕಡಿಮೆಯಾಗಬಹುದು ಎಂಬುದನ್ನು ಮುಚ್ಚಿಡಬಾರದು. ವ್ರತಕ್ಕೆ ಬೆಲೆಯುಂಟು, ಏನನ್ನೂ ಕಳೆದುಕೊಳ್ಳದೆ ಪಾಲಿಸಬಹುದಾದುದನ್ನು ಯಾರೂ ವ್ರತವೆಂದು ಕರೆಯುವುದಿಲ್ಲ.

ಔಷಧಗಳ ಮೂಲವನ್ನೂ ವಿಚಾರಿಸುವುದು ಯುಕ್ತ. ಕೆಲವು ಸೂಜಿಮದ್ದುಗಳನ್ನು ಸ್ತ್ರೀಯರ ಮೂತ್ರದಿಂದ ಶೋಧಿಸಿ ತೆಗೆಯುತ್ತಾರೆ. ಕೆಲವನ್ನು ಹ್ಯಾಮ್‌ಸ್ಟರ್ ಎಂಬ ಪ್ರಾಣಿಯ ಜೀವಕೋಶಗಳನ್ನು ಬೆಳೆಸಿ ತಯಾರಿಸುತ್ತಾರೆ. ಕೆಲವರಿಗೆ ಕೊಡುವ ಹೆಪಾರಿನ್ ಹಂದಿಯ ಕರುಳಿನಿಂದ ಬರುವಂಥದು. ಪ್ರೊಜೆಸ್ಟಿರಾನ್ ಗುಳಿಗೆಗಳ ಹೊದಿಕೆಯು ಸಾಮಾನ್ಯವಾಗಿ ಜೆಲಾಟಿನ್. ಬೇರೆ ರೂಪದಲ್ಲಿ ದೊರೆಯುವುದೇ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಕಾಗಿಲ್ಲ.

ಉಳಿದ ವ್ರತಗಳು

ಅಹಿಂಸೆಯೊಂದೇ ಇಲ್ಲಿಯ ವಿಷಯವಲ್ಲ. ಪರರ ಅಂಡಾಣು ಅಥವಾ ವೀರ್ಯವನ್ನು ಪಡೆಯುವಾಗ ಸ್ವದಾರಸಂತೋಷ ವ್ರತದ ಪ್ರಶ್ನೆಯು ಏಳುತ್ತದೆ. ಅದರಲ್ಲಿ ದೇಹಸಂಪರ್ಕವೂ ಕಾಮವೂ ಇಲ್ಲದಿರುವುದರಿಂದ ವ್ರತಭಂಗವಾಗುವುದಿಲ್ಲ ಎಂಬುದು ಒಂದು ಪಕ್ಷ. ದಾಂಪತ್ಯದ ಮೇರೆಯನ್ನು ದಾಟುವುದರಿಂದ ಅತಿಚಾರವೆಂಬುದು ಇನ್ನೊಂದು ಪಕ್ಷ. ಯಾವ ಪಕ್ಷವನ್ನು ಹಿಡಿದರೂ ಎರಡು ಸಂಗತಿಗಳನ್ನು ಮರೆಯುವಂತಿಲ್ಲ. ಮೊದಲನೆಯದು, ಕೊಡುವವಳ ದೇಹ. 2021ರ ಕಾನೂನು 23ರಿಂದ 35 ವರ್ಷದೊಳಗಿನ ಸ್ತ್ರೀಯು ಜೀವಮಾನದಲ್ಲಿ ಒಮ್ಮೆ ಮಾತ್ರ ಅಂಡಾಣುಗಳನ್ನು ಕೊಡಬಹುದೆಂದೂ, ಏಳಕ್ಕಿಂತ ಹೆಚ್ಚನ್ನು ತೆಗೆಯಬಾರದೆಂದೂ ವಿಧಿಸಿದೆ, ಮಾರಾಟವನ್ನು ನಿಷೇಧಿಸಿದೆ. ಬಡತನದಿಂದ ಬಂದ ಸ್ತ್ರೀಯ ಮೇಲೆ ಈ ಮೇರೆಯನ್ನು ಗುಟ್ಟಾಗಿ ಮೀರಿಸುವುದು ಅಚೌರ್ಯಕ್ಕೂ ಅಹಿಂಸೆಗೂ ವಿರುದ್ಧ. ಎರಡನೆಯದು, ಮಗುವಿಗೆ ಹೇಳುವ ಸತ್ಯ. ಜೀವನಪರ್ಯಂತ ಸುಳ್ಳಿನ ಮೇಲೆ ನಿಲ್ಲಿಸಬೇಕಾದ ಸಂಬಂಧವನ್ನು ಆರಂಭಿಸುವ ಮೊದಲು ಸತ್ಯಾಣುವ್ರತಿಯು ಆಲೋಚಿಸಬೇಕು.

ಗಂಡು ಬೇಕು, ಹೆಣ್ಣು ಬೇಡ ಎಂಬ ಆಯ್ಕೆಯನ್ನು ದೇಶದ ಕಾನೂನೂ ನಿಷೇಧಿಸಿದೆ. ಬ್ರಾಹ್ಮೀ ಸುಂದರಿಯರಿಗೆ ಅಕ್ಷರವನ್ನೂ ಅಂಕಗಳನ್ನೂ ಕಲಿಸಿದ ವೃಷಭನಾಥರನ್ನು ಪೂಜಿಸುವ ಮನೆಯಲ್ಲಿ ಈ ವಿಷಯಕ್ಕೆ ಹೆಚ್ಚಿನ ಮಾತು ಬೇಕಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಪರಿಗ್ರಹ. ಪರಿಗ್ರಹವೆಂದರೆ ವಸ್ತುವಲ್ಲ, ಮೂರ್ಛೆ. ಒಂದೊಂದು ಪ್ರಯತ್ನಕ್ಕೂ ಲಕ್ಷವನ್ನು ಮೀರಿದ ವೆಚ್ಚ. ಒಂದು ಸಲದಲ್ಲಿ ಸಫಲವಾಗದವರೇ ಹೆಚ್ಚು. ಸ್ತ್ರೀಯ ವಯಸ್ಸು ನಲವತ್ತನ್ನು ದಾಟಿದರೆ ಸಫಲತೆಯು ಇನ್ನೂ ವಿರಳ. 'ಇನ್ನೊಂದು ಸಲ' ಎಂಬ ಮಾತು ಒಡವೆಯನ್ನು ಮಾರಿಸುತ್ತದೆ, ಹೊಲವನ್ನು ಒತ್ತೆಯಿಡಿಸುತ್ತದೆ, ಮಗುವನ್ನು ಬಯಸಿದ ದಂಪತಿಗಳನ್ನೇ ಪರಸ್ಪರ ಅಪರಿಚಿತರನ್ನಾಗಿ ಮಾಡುತ್ತದೆ. ಇಲ್ಲಿ ಶ್ರಾವಕಾಚಾರದಲ್ಲಿಯೇ ಒಂದು ಸಾಧನವಿದೆ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ತ್ಯಾಗವನ್ನು ಎರಡಾಗಿ ವಿಂಗಡಿಸಿದ್ದಾರೆ: ಕಾಲದ ಮಿತಿಯುಳ್ಳದ್ದು ನಿಯಮ, ಜೀವಾವಧಿಯದು ಯಮ. ಚಿಕಿತ್ಸೆಗೆ ಹೋಗುವ ಮೊದಲೇ ದಂಪತಿಗಳು ಬಸದಿಯಲ್ಲಿ ಕುಳಿತು ಇಷ್ಟು ಪ್ರಯತ್ನ, ಇಷ್ಟು ಹಣ, ಇಷ್ಟು ವರ್ಷ ಎಂದು ನಿಯಮ ಮಾಡಿಕೊಳ್ಳಬಹುದು. ಆಸೆಯು ತೀವ್ರವಾಗುವ ಮೊದಲು ಹಾಕಿದ ಮೇರೆಯು ಆಸೆಯು ತೀವ್ರವಾದಾಗ ಕೈಹಿಡಿಯುತ್ತದೆ.

ನೋಂಪಿಯೂ ನಿದಾನವೂ

ಚಿಕಿತ್ಸೆಯ ಕಾಲದಲ್ಲಿ ಉಪವಾಸ ಮಾಡಬಹುದೇ ಎಂದು ಅನೇಕ ಶ್ರಾವಿಕೆಯರು ಕೇಳುತ್ತಾರೆ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವೂ ತಪವೂ 'ಶಕ್ತಿತಃ' ಎಂಬ ವಿಶೇಷಣದೊಡನೆಯೇ ಬರುತ್ತವೆ. ಸೂಜಿಮದ್ದುಗಳಿಂದ ದೇಹವು ಬಳಲಿರುವಾಗ, ಗರ್ಭವು ನಿಂತಿರುವಾಗ, ನಿರಾಹಾರವನ್ನು ಬಿಟ್ಟು ರಸತ್ಯಾಗ, ಸ್ವಾಧ್ಯಾಯ, ಜಪಗಳನ್ನು ಕೈಗೊಳ್ಳುವುದು ವ್ರತದ ಸಡಿಲಿಕೆಯಲ್ಲ, ವ್ರತದ ತಿಳಿವಳಿಕೆ. ರಾತ್ರಿ ನಿಗದಿಯಾದ ವೇಳೆಗೆ ತೆಗೆದುಕೊಳ್ಳಬೇಕಾದ ಸೂಜಿಮದ್ದು ಭೋಜನವಲ್ಲ. ನುಂಗುವ ಮಾತ್ರೆಗಳನ್ನು ಹಗಲಿಗೆ ಹೊಂದಿಸಿಕೊಡುವಂತೆ ವೈದ್ಯರನ್ನು ಕೇಳಬಹುದು.

ಇದಕ್ಕಿಂತ ಆಳವಾದ ಎಚ್ಚರವೊಂದು ಅವಶ್ಯಕ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳನ್ನು ಕಿತ್ತವನೇ ವ್ರತಿಯೆನಿಸುತ್ತಾನೆ. 'ಇಷ್ಟು ಉಪವಾಸ ಮಾಡುತ್ತೇನೆ, ಒಂದು ಮಗುವಾಗಲಿ' ಎಂಬುದು ನಿದಾನ. ಅದು ಜಿನೇಶ್ವರನೊಡನೆ ಮಾಡುವ ವ್ಯಾಪಾರ. ವೀತರಾಗನಿಗೆ ಆ ವ್ಯಾಪಾರವಿಲ್ಲ. ಮೇಲೆ ಹೇಳಿದ ಮನೆಯಲ್ಲಿ ಅತ್ತೆಯವರು ಸೊಸೆಗೆ ಮಗುವಾಗಲೆಂದು ಅನಂತ ನೋಂಪಿಯನ್ನು ಹಿಡಿದಿದ್ದಾರೆಂದು ಭಾವಿಸಿದರೆ, ಅವರ ಪ್ರೀತಿಯನ್ನು ಹಳಿಯಬೇಕಾಗಿಲ್ಲ. ಆದರೆ ಚಿಕಿತ್ಸೆಯು ವಿಫಲವಾದ ದಿನ ಆ ನೋಂಪಿಯೂ ವಿಫಲವಾಯಿತೆಂದು ಅವರು ಕುಗ್ಗಬಾರದು. ನೋಂಪಿಯ ಫಲವು ಕಷಾಯದ ಉಪಶಮ. ಸೊಸೆಯ ಕಣ್ಣೀರನ್ನು ಕಂಡು ಕೋಪಗೊಳ್ಳದ, ನೆರೆಯವರ ಕುಹಕಕ್ಕೆ ಬಾಗಿಲು ಮುಚ್ಚುವ ಒಂದು ಮನಸ್ಸು ಅವರಲ್ಲಿ ಹುಟ್ಟಿದ್ದರೆ ನೋಂಪಿಯು ಫಲಿಸಿತೆಂದೇ ತಿಳಿಯಬೇಕು.

ಒಪ್ಪಿಗೆಪತ್ರದ ಮುಂದೆ

ಈಗ ಲೇಖನಿಯನ್ನು ಹಿಡಿದು ಕುಳಿತ ದಂಪತಿಗಳ ಕಡೆಗೆ ಮರಳಬಹುದು. ಗಂಡನು, 'ಎರಡೇ ಅಂಡಾಣುಗಳನ್ನು ಕೂಡಿಸಲಿ, ಉಳಿಯುವುದು ಬೇಡ' ಎನ್ನುತ್ತಾನೆ. ಹೆಂಡತಿಯು, 'ನೀವು ವ್ರತದ ಮಾತಾಡುತ್ತೀರಿ. ಸೂಜಿ ಚುಚ್ಚಿಸಿಕೊಳ್ಳುವವಳು ನಾನು. ಹತ್ತು ಇದ್ದರೆ ಒಂದಾದರೂ ನಿಲ್ಲುತ್ತದೆ' ಎನ್ನುತ್ತಾಳೆ. ಈ ಮಾತಿಗೆ ಶಾಸ್ತ್ರವಾಕ್ಯದಿಂದ ಉತ್ತರ ಕೊಡುವುದು ಕ್ರೌರ್ಯ. ಕಡಿಮೆ ಭ್ರೂಣಗಳೆಂದರೆ ಹೆಚ್ಚು ಸಲದ ಚಿಕಿತ್ಸೆ. ಆ ನೋವು ಆಕೆಯ ದೇಹದ್ದು. ತನ್ನ ವ್ರತದ ಬೆಲೆಯನ್ನು ಇನ್ನೊಬ್ಬರ ದೇಹದಿಂದ ತೆರಿಸುವವನು ವ್ರತಿಯಲ್ಲ. ವ್ರತವನ್ನು ಸ್ವೀಕರಿಸಬಹುದೇ ಹೊರತು ಹೇರಲಾಗದು. ಆದುದರಿಂದ ಆ ದಿನ ಸಹಿ ಹಾಕದೆ ಮನೆಗೆ ಮರಳುವುದೇ ಸರಿಯಾದ ಮೊದಲ ಹೆಜ್ಜೆ. ಇಬ್ಬರೂ ಕೂಡಿ ಒಪ್ಪಿದ ಮಿತಿಯು ನಾಲ್ಕಿರಬಹುದು, ಎರಡಿರಬಹುದು. ಆದರೆ ಆದಷ್ಟು ಭ್ರೂಣಗಳನ್ನೂ ಸರದಿಯಂತೆ ಗರ್ಭದಲ್ಲಿ ಇರಿಸಿಕೊಳ್ಳುತ್ತೇವೆ, ಒಂದನ್ನೂ ಬಿಸಾಡುವುದಿಲ್ಲ ಎಂಬ ನಿಶ್ಚಯವು ಅದರೊಡನೆ ಇರಬೇಕು. ಆಗ ಖಾಲಿ ಜಾಗದಲ್ಲಿ ಬರೆಯಬೇಕಾದುದು ತಾನಾಗಿ ಹೊಳೆಯುತ್ತದೆ.

ಹೀಗೆ ಹುಟ್ಟಿದ ಮಗುವಿನ ವಿಷಯದಲ್ಲಿ ಯಾವ ಕಳಂಕವೂ ಇಲ್ಲ. ತನ್ನ ಆಯುಷ್ಯಕರ್ಮ, ಗತಿನಾಮಕರ್ಮಗಳಿಂದ ಮನುಷ್ಯಭವವನ್ನು ಪಡೆದು ಬಂದ ಜೀವವು ಯಾವ ಬಾಗಿಲಿನಿಂದ ಬಂದಿತೆಂದು ಕೇಳುವ ಅಧಿಕಾರ ಯಾರಿಗೂ ಇಲ್ಲ. ಅದಕ್ಕೂ ಅದೇ ನಾಮಕರಣ, ಅದೇ ಬಸದಿ, ಅದೇ ಣಮೋಕಾರ. ಮಗುವಾಗದೆ ಹೋದರೆ, ಹಾಕಿಕೊಂಡ ಮೇರೆಯಲ್ಲಿ ನಿಂತ ದಂಪತಿಗಳನ್ನು ಸೋತವರೆಂದು ಯಾರೂ ಕರೆಯಬಾರದು. 1956ರ ದತ್ತಕ ಕಾಯಿದೆಯು ಜೈನರಿಗೂ ಅನ್ವಯಿಸುತ್ತದೆ. ಅನಾಥಶಿಶುವನ್ನು ಮನೆತುಂಬಿಸಿಕೊಳ್ಳುವುದರಲ್ಲಿ ಅಭಯದಾನದ ಅಂಶವಿದೆ. ಆದರೆ ಅದನ್ನು ಸೋಲಿನ ನಂತರದ ಸಮಾಧಾನವೆಂದು ಕೈಗೊಂಡರೆ ಆ ಮಗುವಿಗೆ ಅನ್ಯಾಯವಾಗುತ್ತದೆ; ಮಗುವಿಗಾಗಿಯೇ ಮಗುವನ್ನು ಬಯಸಿದಾಗ ಅದು ಶ್ರೇಷ್ಠ. ಎರಡೂ ಬೇಡವೆಂದು ನಿಂತ ಮನೆಯೂ ಬರಡಲ್ಲ. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಅತ್ತಿಮಬ್ಬೆಯನ್ನು ಸಾವಿರ ವರ್ಷಗಳ ಮೇಲೂ ನಾಡು ನೆನೆಯುವುದು ಆಕೆಯ ವಂಶವನ್ನು ಎಣಿಸಿಯಲ್ಲ, ಆಕೆಯ ದಾನವನ್ನು ನೆನೆದು.

ಗಾಳಿಸಿದ ಬಟ್ಟೆಯನ್ನು ಪ್ರತಿದಿನವೂ ಬಾವಿಯ ಕಡೆಗೆ ಒಯ್ಯುವ ಕೈಗೆ ಈ ವಿವೇಕವು ಹೊಸದಲ್ಲ. ಬಾವಿಯ ದಡದಲ್ಲಿ ಕಲಿತುದನ್ನು ಆಸ್ಪತ್ರೆಯ ಮೇಜಿನ ಮುಂದೆ ಮರೆಯದಿರುವುದಷ್ಟೇ ಇಂದಿನ ಶ್ರಾವಕ ಶ್ರಾವಿಕೆಯರ ಮುಂದಿರುವ ವ್ರತ.